ದೊರೆಸಾನಿಯ ಮೊಟ್ಟೆ ಎಲ್ಲಿ?

ನಮ್ಮ ಮನೆಯ ಕೋಳಿಯ ಹೆಸರು
ದೊರೆಸಾನಿ.
ಕತ್ತು ಎತ್ತಿ ನಡೆದಳೋ, ಥೇಟು
ಮಹಾರಾಣಿ!

ಅಕ್ಕಿ ಹಾಕಿದರೆ ನೋಡೋದಿಲ್ಲ,
ರಾಗಿಗೆ ಓಡಿ ಬರುವಳು.
ನಾಯಿ ಬೊಗಳಿದರೆ ಹೆದರೋದಿಲ್ಲ,
ನಾಯಿಯನ್ನೇ ಬೈವಳು.

ಹಾಸನ ಬಿಟ್ಟು ಆಲೂರು ದಾರಿ,
ಬಸ್ಸಲಿ ಅರ್ಧ ಗಂಟೆ.
ಇಳಿದರೆ ಅಲ್ಲೇ ನಮ್ಮ ಊರು,
ಚರ್ಚಿಗೆ ಒಂದೇ ಗಂಟೆ.

ಪಾಸ್ಕ ಹಬ್ಬ ಹತ್ತಿರ ಬಂತು.
ಲೂರ್ದಮ್ಮಜ್ಜಿ ಅಂದರು:
"ಒಂಬತ್ತು ಮೊಟ್ಟೆಗೆ ಬಣ್ಣ ಹಚ್ಚೋಣ!"
ಎಲ್ಲರೂ ಕುಣಿದು ಬಂದರು.

ಎಲ್ಲರೂ ಅಂದರೆ ಮೂರೇ ಜನ:
ನಾನು, ಅರುಳಣ್ಣ, ಸ್ಟೆಲ್ಲ.
ಸ್ಟೆಲ್ಲ ಅನ್ನೋದು "ಮೊತ್ತೆ! ಮೊತ್ತೆ!"
ಮುಂದಿನ ಹಲ್ಲೇ ಇಲ್ಲ.

ಗೂಡಿಗೆ ಓಡಿ ಕೈ ಹಾಕಿದೆವು.
ಏನಿತ್ತು? ಒಂದು ಪುಕ್ಕ.
ಮೊಟ್ಟೆಯೂ ಇಲ್ಲ, ಕೋಳಿಯೂ ಇಲ್ಲ,
ಅರುಳಣ್ಣ ಮಾತ್ರ ನಕ್ಕ.

ಮೂರು ವಾರದ ಕತೆಯೇ ಇದು:
ಬಂದಳು, ತಿಂದಳು, ಹೋದಳು!
ಎಲ್ಲಿಗೆ ಅಂತ ಹಿಂದೆ ಓಡಿದರೆ
ಬೇಲಿ ನುಸುಳಿ ಮಾಯವಾದಳು.

ಮಂಚದ ಕೆಳಗೆ?
ಇಲ್ಲ.
ಒರಳಿನ ಹಿಂದೆ?
ಇಲ್ಲ.
ಅಪ್ಪನ ಹೆಲ್ಮೆಟ್ ಒಳಗೆ?
ಇತ್ತು!
ಏನಿತ್ತು?
ಅಪ್ಪನ ಕಾಲುಚೀಲ. ಥೂ!

ಸಯೀದಣ್ಣನ ಅಂಗಡಿಗೆ ಹೋದೆವು.
"ಮೊಟ್ಟೆ ಖಾಲಿ, ನಾಳೆ ಬಾ."
ನಾಳೆ ಹೋದರೆ ಮತ್ತೂ ಅದೇ:
"ಮೊಟ್ಟೆ ಖಾಲಿ, ನಾಳೆ ಬಾ."

ಅರುಳಣ್ಣನ ತಲೆ ತುಂಬಾ ಜೋರು.
ಮೂಲೆಯ ಮೂಟೆ ನೋಡಿದ.
ಚೌರಪ್ಪ ಮಾವನ ಬಿತ್ತನೆ ಆಲೂ!
ಒಂಬತ್ತು ಆರಿಸಿ ತೆಗೆದ.

"ಆಲೂರಲ್ಲಿ ಆಲೂಗೆ ಬರವೇ?
ಉರುಟು ಇದೆ, ಸಾಕು!"
ಬೀಟ್ರೂಟ್ ನೀರಲಿ ಮೂರು ಕೆಂಪು.
ಅರಿಶಿನದಲ್ಲಿ ಮೂರು ಹಳದಿ.
ಬಟ್ಟೆಯ ನೀಲಿಗೆ ಮೂರು ಅದ್ದಿದೆ,
ನನ್ನ ಮೂಗೂ ನೀಲಿಯಾಯಿತು.

ಬುಟ್ಟಿಗೆ ಹುಲ್ಲು, ಹುಲ್ಲಿನ ಮೇಲೆ
ಬಣ್ಣದ ಆಲೂ ಸಾಲು.
ಅಜ್ಜಿ ನೋಡಿ "ಭೇಷ್!" ಅಂದರು.
(ಅವರ ಕನ್ನಡಕಕ್ಕೆ ಒಂದೇ ಕಾಲು.)

ಭಾನುವಾರ, ಇನ್ನೂ ಕತ್ತಲೆ.
ಎಲ್ಲರ ಮೈಗೂ ಹೊಸ ಬಟ್ಟೆ.
ಮೇಣದ ಬತ್ತಿ ಹಿಡಿದು ಫಾದರ್
ಅಂದರು, "ಎಂಥಾ ಚೆಂದದ ಮೊಟ್ಟೆ!"

ಒಂದನ್ನು ಎತ್ತಿ ಮೇಜಿಗೆ ಕುಟ್ಟಿದರು.
ಟಕ್!
ಒಡೆಯಲಿಲ್ಲ.
ಇನ್ನೂ ಜೋರಾಗಿ ಕುಟ್ಟಿದರು.
ಟಕ್! ಟಕ್!
ಬಿರುಕೂ ಇಲ್ಲ.

"ಅಬ್ಬಾ ಗಟ್ಟಿ! ಯಾವ ಕೋಳಿಯದು?"
ಫಾದರ್ ಬೆವರು ಒರೆಸಿದರು.
"ಮೊತ್ತೆ ಅಲ್ಲ, ಅದು ಆಲೂ! ಆಲೂ!"
ಸ್ಟೆಲ್ಲ ಕೂಗಿಯೇ ಬಿಟ್ಟಳು.

"ನನ್ನ ಬಿತ್ತನೆ!" ಎದ್ದರು ಮಾವ.
ಮಾವನ ಮೀಸೆಯೂ ಎದ್ದಿತು.
ಬೈಗುಳ ಬಾಯಿಗೆ ಬರುವ ಮುಂಚೆ
ಢಣ್ ಢಣ್ ಗಂಟೆ ಹೊಡೆಯಿತು.

ಅಂಗಳದಲ್ಲಿ ಗುಹೆಯೊಂದಿತ್ತು,
ಗೋಣಿ, ಬಿದಿರು, ಹುಲ್ಲು.
ಹಬ್ಬದ ನಾಟಕಕ್ಕೆ ಮಾವ ಕಟ್ಟಿದ್ದು,
ಬಾಗಿಲಿಗೆ ರಟ್ಟಿನ ಕಲ್ಲು.

ಕಲ್ಲು ಅಲುಗಾಡಿತು!
ಎಲ್ಲರ ಬಾಯಿ ಮುಚ್ಚಿತು.
ಮಾವನ ಬಾಯಿ
ತೆರೆದೇ ಇತ್ತು.

ಹೊರಗೆ ಬಂತು ಒಂದು ಕೊಕ್ಕು,
ಆಮೇಲೆ ಒಂದು ಜುಟ್ಟು,
ಆಮೇಲೆ ಇಡೀ ದೊರೆಸಾನಿ
ಗತ್ತಿನ ಹೆಜ್ಜೆ ಇಟ್ಟು.

ಹಿಂದೆ ಚಿಂವ್. ಹಿಂದೆ ಚಿಂವ್ ಚಿಂವ್.
ಒಂದು, ಎರಡು, ಮೂರು...
ಸ್ಟೆಲ್ಲ ಎಣಿಸಿ ಸುಸ್ತಾದಳು.
ಒಂಬತ್ತು ಮರಿ! ಒಂದಕ್ಕಿಂತ ಒಂದು ಜೋರು!

ಅರುಳಣ್ಣ ಗುಹೆಗೆ ತಲೆ ತೂರಿಸಿದ.
ಚಿಪ್ಪು ಬಿಟ್ಟರೆ ಏನಿಲ್ಲ.
"ಫಾದರ್, ಒಳಗೆ ಯಾರೂ ಇಲ್ಲ!
ಎದ್ದು ಹೋದರು ಎಲ್ಲ!"

ಫಾದರ್ ಹೊಟ್ಟೆ ಹಿಡಿದು ನಕ್ಕರು.
"ರಾತ್ರಿಯಿಡೀ ಪ್ರಸಂಗ ಬರೆದೆ.
ನೋಡಿ, ನಮ್ಮ ದೊರೆಸಾನಿ
ಹೇಳಿ ಮುಗಿಸಿದಳು, ಬರೆಯದೆ!"

ಬಣ್ಣದ ಆಲೂ ಏನಾಯ್ತು ಗೊತ್ತಾ?
ಮಾವ ಹೊಲದಲಿ ಬಿತ್ತಿದರು.
"ನೀಲಿ ಮರಿ ನನಗೆ!" ಅಂತ ಸ್ಟೆಲ್ಲ
ದಿನವೂ ಬದುವಲಿ ಕೂತಳು.
ದೊರೆಸಾನಿಯನ್ನು ಎತ್ತಿ ತಂದು
"ಸ್ವಲ್ಪ ಕಾವು ಕೊಡೇ" ಅಂದಳು.
ದೊರೆಸಾನಿ ಮುಖ ತಿರುಗಿಸಿದಳು.

ಒಂದು ದಿನ, ಮಳೆ ಬಂದ ಮರುದಿನ,
ಕೆಸರು ಕಾಲಲ್ಲಿ ಓಡಿ ಬಂದಳು ಸ್ಟೆಲ್ಲ.
"ಬನ್ನಿ! ಬನ್ನಿ! ಮಣ್ಣು ಒಡೆದು
ಹಸಿರು ಕೊಕ್ಕು ಹೊರಗೆ ಬಂತು!"